ಸುಟ್ಟ ಗಾಯಕ್ಕೊಂದು ಪೊರೆ: ಸೊಲ್ಲಾಪುರದಿಂದ ಉದ್ಯಮಬಾಗದವರೆಗೆ

1991ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸರ್ಜರಿ’ಯಲ್ಲಿ ಎರಡೇ ಪುಟದ ಒಂದು ವರದಿ ಅಚ್ಚಾಯಿತು. ಬರೆದವರು ಸೊಲ್ಲಾಪುರದ ಡಾ. ವೈಶಂಪಾಯನ ಸ್ಮಾರಕ ವೈದ್ಯಕೀಯ ಕಾಲೇಜಿನ ಶಸ್ತ್ರಚಿಕಿತ್ಸಕ ಎಂ. ಸುಬ್ರಹ್ಮಣ್ಯಂ. ಸುಟ್ಟ ಗಾಯಗಳೊಂದಿಗೆ ಆಸ್ಪತ್ರೆಗೆ ಬಂದ 104 ಜನರನ್ನು ಅವರು ಎರಡು ಸಮ ಗುಂಪು ಮಾಡಿದ್ದರು. 52 ಜನರ ಗಾಯಕ್ಕೆ ಆಗ ಎಲ್ಲೆಡೆ ರೂಢಿಯಲ್ಲಿದ್ದ ಸಿಲ್ವರ್ ಸಲ್ಫಡಯಜೀನ್ ಸವರಿದ ಪಟ್ಟಿ, ಉಳಿದ 52 ಜನರಿಗೆ ಜೇನುತುಪ್ಪ. ಏಳು ದಿನ ಕಳೆಯುವಷ್ಟರಲ್ಲಿ ಜೇನು ಹಚ್ಚಿದ ಗಾಯಗಳಲ್ಲಿ ನೂರಕ್ಕೆ 91ರಲ್ಲಿ ಸೋಂಕು ಉಳಿದಿರಲಿಲ್ಲ. ಬೆಳ್ಳಿಯ ಮುಲಾಮು ಹಚ್ಚಿದವುಗಳಲ್ಲಿ ಅಷ್ಟರೊಳಗೆ ಸೋಂಕು ಹತೋಟಿಗೆ ಬಂದದ್ದು ನೂರಕ್ಕೆ 7ರಲ್ಲಿ. ಹದಿನೈದು ದಿನದೊಳಗೆ ಮಾಯ್ದ ಗಾಯಗಳು ಒಂದು ಕಡೆ ನೂರಕ್ಕೆ 87, ಇನ್ನೊಂದು ಕಡೆ 10.

ಅಂಕಿಗಳು ಎಷ್ಟು ಎದ್ದು ಕಾಣುತ್ತಿದ್ದವೆಂದರೆ ನಂಬಿದವರೂ ಸಂಶಯಪಟ್ಟವರೂ ಮುಂದಿನ ಮೂವತ್ತು ವರ್ಷ ಅವುಗಳ ಸುತ್ತಲೇ ಓಡಾಡಿದರು. ಇಂದು ನಮ್ಮ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಸೀಗಡಿ ಚಿಪ್ಪಿನ ಅಂಟುರಸಕ್ಕೆ ಬೇವಿನೆಣ್ಣೆಯನ್ನೋ ಲವಂಗದೆಣ್ಣೆಯನ್ನೋ ಬೆರೆಸಿ, ಲೋಹದ ನ್ಯಾನೋ ಕಣ ಸೇರಿಸಿ, ಗಾಯದ ಮೇಲೆ ಹೊದಿಸಬಹುದಾದ ತೆಳು ಪೊರೆ ತಯಾರಿಸುವ ಕೆಲಸ ನಡೆಯುತ್ತಿದೆ. ಈ ಪೊರೆಯ ಕಥೆಯನ್ನು ನ್ಯಾನೋ ತಂತ್ರಜ್ಞಾನದಿಂದ ಶುರು ಮಾಡುವುದು ರೂಢಿ. ನಾನು ಸೊಲ್ಲಾಪುರದ ವಾರ್ಡಿನಿಂದ ಶುರು ಮಾಡುತ್ತೇನೆ. ನಮ್ಮ ಭಾಗದಲ್ಲಿ ಗಾಯದ ಹೊದಿಕೆಯ ಪ್ರಶ್ನೆಯನ್ನು ರೋಗಿಯ ಹಾಸಿಗೆಯ ಪಕ್ಕ ನಿಂತು ಕೇಳಿದ್ದು, ಉತ್ತರವನ್ನು ಎಣಿಸಿ ತೋರಿಸಿದ್ದು ಅಲ್ಲಿ.

ಸೊಲ್ಲಾಪುರ ಗಡಿಯ ಊರು. ಜಿಲ್ಲೆಯ ದಕ್ಷಿಣಕ್ಕೂ ಅಕ್ಕಲಕೋಟೆಯ ಸುತ್ತಲೂ ಕನ್ನಡ ಮನೆಮಾತು. ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಜನರಿಗೂ ದೊಡ್ಡಾಸ್ಪತ್ರೆ ಎಂದರೆ ಬಹುಕಾಲ ಅದೇ ದಿಕ್ಕು. 1980ರ ದಶಕದಲ್ಲಿ ಇಂಥ ಊರುಗಳ ಸುಟ್ಟಗಾಯದ ವಾರ್ಡುಗಳಲ್ಲಿ ಹಾಸಿಗೆ ತುಂಬಿದವರಲ್ಲಿ ದೊಡ್ಡ ಪಾಲು ಹರೆಯದ ಹೆಣ್ಣುಮಕ್ಕಳದ್ದು. ನೆಲದ ಮೇಲೆ ಕುಳಿತು ಅಡುಗೆ, ಗಾಳಿ ಹಾಕುವ ಪಂಪ್ ಸ್ಟವ್, ಸೀಮೆಎಣ್ಣೆ, ನೈಲಾನ್ ಸೀರೆ. ‘ಸ್ಟವ್ ಸಿಡಿಯಿತು’ ಎಂಬ ಮಾತು ಪೊಲೀಸ್ ಹೇಳಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿತ್ತು, ಅದರ ಹಿಂದೆ ಇನ್ನೇನಿತ್ತೆಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ದಂಡಸಂಹಿತೆಗೆ 1983ರಲ್ಲಿ 498ಎ ಕಲಮು, 1986ರಲ್ಲಿ ವರದಕ್ಷಿಣೆ ಸಾವಿನ 304ಬಿ ಕಲಮು ಸೇರಿದ್ದು ಈ ಹೊತ್ತಿನಲ್ಲೇ. ಕಾನೂನು ಆಮೇಲಿನ ಮಾತು. ವಾರ್ಡಿನಲ್ಲಿ ಮಲಗಿದವಳಿಗೆ ದಿನಾ ಬೆಳಿಗ್ಗೆ ಎದುರಾಗುತ್ತಿದ್ದದ್ದು ಪಟ್ಟಿ ಬಿಚ್ಚುವ ಹೊತ್ತು. ಒಣಗಿದ ಗಾಜ್ ಬಟ್ಟೆ ಹಸಿ ಮಾಂಸಕ್ಕೆ ಕಚ್ಚಿಕೊಂಡಿರುತ್ತದೆ. ಅದನ್ನು ಎಳೆದಾಗ ಆಗಷ್ಟೇ ಹುಟ್ಟಿದ ಚರ್ಮವೂ ಕಿತ್ತು ಬರುತ್ತದೆ.

ಗಾಯ ಒಣಗಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಹಳ್ಳಿಯಲ್ಲೂ ಇತ್ತು, ಆಸ್ಪತ್ರೆಯಲ್ಲೂ ಇತ್ತು. ಅದು ಮುರಿದದ್ದು 1962ರಲ್ಲಿ. ಇಂಗ್ಲೆಂಡಿನ ಜಾರ್ಜ್ ವಿಂಟರ್ ಎಳೆಯ ಹಂದಿಗಳ ಚರ್ಮದ ಮೇಲೆ ಸಣ್ಣ ಗಾಯ ಮಾಡಿ, ಕೆಲವನ್ನು ಗಾಳಿಗೆ ಬಿಟ್ಟು, ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿದರು. ಮುಚ್ಚಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹರಡಿಕೊಂಡಿತು. ಹಕ್ಕಳೆ ಕಟ್ಟಿದ ಗಾಯದಲ್ಲಿ ಚರ್ಮದ ಕೋಶಗಳು ಆ ಗಟ್ಟಿ ಪದರದ ಅಡಿಗೆ ಇಳಿದು ದಾರಿ ಮಾಡಿಕೊಳ್ಳಬೇಕು. ತೇವ ಇದ್ದ ಕಡೆ ಅವು ನೇರವಾಗಿ ಸರಿದು ಬರುತ್ತವೆ. ಮರುವರ್ಷವೇ ಮನುಷ್ಯರ ಚರ್ಮದ ಮೇಲೂ ಇದು ಖಚಿತವಾಯಿತು. ಅಲ್ಲಿಂದ ಎಪ್ಪತ್ತರ ದಶಕದ ಪಾಲಿಯುರೇಥೇನ್ ಪೊರೆಗಳು ಹುಟ್ಟಿದವು. ತೆಳ್ಳಗೆ, ಪಾರದರ್ಶಕವಾಗಿ, ಆವಿಯನ್ನು ಹೊರಬಿಟ್ಟು ನೀರನ್ನೂ ರೋಗಾಣುವನ್ನೂ ತಡೆಯುವ ಹಾಳೆಗಳವು. ಇಂಗ್ಲೆಂಡಿನ ಆಸ್ಪತ್ರೆಗೆ ಅವು ಕೈಗೆಟಕುವ ಬೆಲೆಯವು; ನಮ್ಮ ಜಿಲ್ಲಾಸ್ಪತ್ರೆಗಲ್ಲ.

ಬೆಳ್ಳಿಯ ದಾರಿ ಇನ್ನೊಂದು. 1965ರಲ್ಲಿ ಅಮೆರಿಕದ ಕಾರ್ಲ್ ಮೋಯರ್ ಶೇ 0.5ರ ಸಿಲ್ವರ್ ನೈಟ್ರೇಟ್ ದ್ರಾವಣದಿಂದ ಸುಟ್ಟಗಾಯದ ಸೋಂಕು ತಡೆಯಬಹುದೆಂದು ತೋರಿಸಿದರು. 1968ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಚಾರ್ಲ್ಸ್ ಫಾಕ್ಸ್ ಬೆಳ್ಳಿಗೂ ಸಲ್ಫಾ ಔಷಧಿಗೂ ಗಂಟು ಹಾಕಿ ಸಿಲ್ವರ್ ಸಲ್ಫಡಯಜೀನ್ ತಂದರು. ಬಿಳಿ ಮುಲಾಮಾಗಿ ಅದು ಜಗತ್ತಿನ ವಾರ್ಡುಗಳನ್ನು ಆಳಿತು. ಸೋಂಕಿನಿಂದ ಸಾಯುತ್ತಿದ್ದ ಎಷ್ಟೋ ಜೀವ ಉಳಿಸಿತು ಎಂಬುದರಲ್ಲಿ ಅನುಮಾನವಿಲ್ಲ. ಹೊಸ ಚರ್ಮ ಮೂಡುವುದನ್ನು ಅದು ನಿಧಾನಗೊಳಿಸುತ್ತದೆ ಎಂಬ ಮಾತು ಸ್ಪಷ್ಟವಾದದ್ದು ದಶಕಗಳ ನಂತರ.

ಎಂಬತ್ತರ ದಶಕದ ಹೊತ್ತಿಗೆ ಮುಂಬಯಿಯ ಬಾಯಿ ಜೆರ್‌ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆಯಲ್ಲಿ ಎಂ. ಎಚ್. ಕೇಸ್ವಾನಿ ಮತ್ತು ಸಂಗಡಿಗರು ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯನ್ನು ಗಾಜ್ ಬಟ್ಟೆಗೆ ಅಂಟಿಸಿ, ಸೋಂಕು ತೊಲಗಿಸಿ, ಸುಟ್ಟ ಮಕ್ಕಳ ಗಾಯಕ್ಕೆ ಹೊದಿಸಿದರು. 1985ರಲ್ಲಿ ಅವರ ಮೊದಲ ವರದಿ ‘ಬರ್ನ್ಸ್’ ಪತ್ರಿಕೆಯಲ್ಲಿ ಬಂತು. ಸಿಪ್ಪೆಗೆ ರೋಗಾಣು ಕೊಲ್ಲುವ ಗುಣವಿಲ್ಲ, ಆದರೆ ಅದು ತೇವ ಹಿಡಿದಿಡುತ್ತದೆ, ಮಾಂಸಕ್ಕೆ ಕಚ್ಚಿಕೊಳ್ಳುವುದಿಲ್ಲ. ಎಳೆದಾಗ ಮಗು ಚೀರುವುದಿಲ್ಲ. ಮುಂದೆ 2003ರಲ್ಲಿ ಮುಂಬಯಿಯವರೇ ಆದ ಮಾಧುರಿ ಗೋರೆ ಮತ್ತು ಅಕೋಲೇಕರ್ ಬಾಳೆ ಎಲೆಯನ್ನು ಆಲೂಗಡ್ಡೆ ಸಿಪ್ಪೆಯೊಂದಿಗೆ ಹೋಲಿಸಿ, ಎರಡೂ ಸಮ, ಬಾಳೆ ಎಲೆ ಹಲವು ಪಟ್ಟು ಅಗ್ಗ ಎಂದು ಬರೆದರು. ಈ ವೈದ್ಯರ ಕೆಲಸವನ್ನು ಬಡತನದ ಉಪಾಯವೆಂದು ಬದಿಗೆ ಸರಿಸುವವರಿದ್ದಾರೆ. ವಿಂಟರ್ ಹೇಳಿದ ತತ್ವವನ್ನು ಕೈಗೆ ಸಿಕ್ಕ ವಸ್ತುವಿನಲ್ಲಿ ಪರೀಕ್ಷಿಸಿ, ಫಲಿತಾಂಶ ದಾಖಲಿಸಿದ ಗಟ್ಟಿ ವಿಜ್ಞಾನ ಅದು.

ಸುಬ್ರಹ್ಮಣ್ಯಂ ಆರಿಸಿದ ಜೇನು ಹಳೆಯ ಮದ್ದು. ಸುಶ್ರುತ ಸಂಹಿತೆಯಲ್ಲಿ ಜೇನು, ತುಪ್ಪ ಎರಡೂ ವ್ರಣದ ಔಷಧಿಗಳು. ನಮ್ಮ ಊರುಗಳಲ್ಲಿ ಕೈ ಸುಟ್ಟರೆ ಲೋಳೆಸರ, ಅರಿಸಿನ, ಕೊಬ್ಬರಿ ಎಣ್ಣೆ, ಕೆಲವರ ಮನೆಯಲ್ಲಿ ಜೇನು. ಅದು ಕೆಲಸ ಮಾಡುವ ರೀತಿ ಅಷ್ಟರಲ್ಲಿ ರಸಾಯನಶಾಸ್ತ್ರಜ್ಞರಿಗೆ ಬಹುಪಾಲು ತಿಳಿದಿತ್ತು. ನೂರಕ್ಕೆ ಎಂಬತ್ತರಷ್ಟು ಸಕ್ಕರೆಯಿರುವ ಜೇನು ರೋಗಾಣುವಿನ ನೀರನ್ನೇ ಹೀರುತ್ತದೆ. ಆಮ್ಲೀಯವಾದ್ದರಿಂದ ಅದರಲ್ಲಿ ರೋಗಾಣು ಬೆಳೆಯಲಾರದು. ಗಾಯದ ರಸ ಬೆರೆತು ತೆಳ್ಳಗಾದಾಗ ಜೇನುಹುಳ ಬಿಟ್ಟ ಕಿಣ್ವವೊಂದು ಸ್ವಲ್ಪ ಸ್ವಲ್ಪವಾಗಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತಲೇ ಇರುತ್ತದೆ. ಆ ಕಿಣ್ವದ ಪಾತ್ರವನ್ನು ಅಮೆರಿಕದ ಜೊನಾಥನ್ ವೈಟ್ ಮತ್ತು ಸಂಗಡಿಗರು 1963ರಲ್ಲಿ ಗುರುತಿಸಿದ್ದರು. ಆದರೆ ಒಂದು ಗುಂಪಿಗೆ ಇದು, ಇನ್ನೊಂದು ಗುಂಪಿಗೆ ಅದು ಎಂದು ರೋಗಿಗಳನ್ನು ಹಂಚಿ, ದಿನ ಎಣಿಸಿ ನೋಡಿದವರು ವಿರಳ.

ಮೊದಲ ವರದಿಯ ನಂತರ ಸುಬ್ರಹ್ಮಣ್ಯಂ ನಿಲ್ಲಲಿಲ್ಲ. 1993ರಲ್ಲಿ ಜೇನು ನೆನೆಸಿದ ಗಾಜ್ ಬಟ್ಟೆಯನ್ನು ಆ ದುಬಾರಿ ಪಾಲಿಯುರೇಥೇನ್ ಪೊರೆಯ ಎದುರು ನಿಲ್ಲಿಸಿದರು. 92 ರೋಗಿಗಳು, ಜೇನಿನವರಿಗೆ ಗಾಯ ಮಾಯಲು ಸರಾಸರಿ 10.8 ದಿನ, ಪೊರೆಯವರಿಗೆ 15.3 ದಿನ. 1994ರಲ್ಲಿ ಹೆರಿಗೆಯ ನಂತರ ಸಿಗುವ ಗರ್ಭಪೊರೆಯೊಂದಿಗೆ ಹೋಲಿಕೆ. 1996ರಲ್ಲಿ ಮುಂಬಯಿಯ ಆಲೂಗಡ್ಡೆ ಸಿಪ್ಪೆಯೊಂದಿಗೆ: 10.4 ದಿನ, 16.2 ದಿನ. ಎಲ್ಲದರಲ್ಲೂ ಜೇನಿಗೇ ಗೆಲುವು.

ನನಗೆ ಅವರ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 1999ರ ವರದಿ. ಸ್ಲೊವೇನಿಯಾದ ಝೋರಾ ಯಾನ್ಝೆಕೋವಿಚ್ 1970ರಲ್ಲಿ ಜಗತ್ತಿಗೆ ತಿಳಿಸಿದ್ದ ವಿಧಾನವೊಂದಿತ್ತು. ಸತ್ತ ಚರ್ಮವನ್ನು ಮೊದಲ ದಿನಗಳಲ್ಲೇ ಪದರ ಪದರವಾಗಿ ಕೆತ್ತಿ ತೆಗೆದು ರೋಗಿಯದೇ ಚರ್ಮ ನಾಟಿ ಮಾಡುವುದು. ಸುಬ್ರಹ್ಮಣ್ಯಂ ಮಧ್ಯಮ ಪ್ರಮಾಣದ ಸುಟ್ಟಗಾಯದ 50 ರೋಗಿಗಳಲ್ಲಿ ಜೇನನ್ನು ಇದರೊಂದಿಗೆ ಹೋಲಿಸಿದರು. ಜೇನು ಸೋತಿತು. ವರ್ಷಗಳ ಕಾಲ ತಾನು ಎತ್ತಿ ಹಿಡಿದ ಮದ್ದು ಇಂಥ ಗಾಯಕ್ಕೆ ಸಾಲದು, ಬೇಗ ಶಸ್ತ್ರಚಿಕಿತ್ಸೆ ಮಾಡುವುದೇ ಮೇಲು ಎಂದು ವರದಿಯ ತಲೆಬರಹದಲ್ಲೇ ಅವರು ಬರೆದರು. ಜೇನನ್ನು ಸರ್ವರೋಗಕ್ಕೂ ಮದ್ದೆಂದು ಮಾರುವವರು ಈ ವರದಿಯನ್ನು ಹೆಸರಿಸುವುದಿಲ್ಲ. ಒಂದು ಮದ್ದಿನ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂದು ಅದರ ಸ್ನೇಹಿತನೇ ಗೆರೆ ಎಳೆದದ್ದು ಅಪರೂಪ.

ಈ ಅಂಕಿಗಳಿಗೆ ವಿದ್ವಾಂಸರ ಬೆಂಬಲವೂ ಇದೆ, ತಕರಾರುಗಳೂ ಇವೆ. ನ್ಯೂಜಿಲೆಂಡಿನ ವೈಕಾಟೋ ವಿಶ್ವವಿದ್ಯಾಲಯದ ಪೀಟರ್ ಮೋಲನ್ ಸೊಲ್ಲಾಪುರದ ಅಂಕಿಗಳನ್ನು ತಮ್ಮ ಲೇಖನಗಳಲ್ಲಿ ಮುಂದಿಟ್ಟು ಜೇನಿನ ಪರ ವಾದಿಸಿದರು. ಅವರ ನಾಡಿನ ಮನೂಕಾ ಜೇನಿಗೆ ಜಗತ್ತಿನ ಮಾರುಕಟ್ಟೆ ತೆರೆದುಕೊಂಡಿತು. ಪ್ರಕಟಿತ ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸುವ ಕಾಕ್ರೇನ್‌ನ 2015ರ ಪರಾಮರ್ಶೆ 26 ಪ್ರಯೋಗಗಳ 3,011 ರೋಗಿಗಳ ವಿವರ ತೂಗಿ, ಭಾಗಶಃ ಆಳದ ಸುಟ್ಟಗಾಯ ಜೇನಿನಿಂದ ಬೇಗ ಮಾಯುವಂತಿದೆ ಎಂದು ಒಪ್ಪಿಕೊಂಡಿತು. ಆದರೆ ಸುಟ್ಟಗಾಯದ ಪ್ರಯೋಗಗಳ ದೊಡ್ಡ ಪಾಲು ಒಂದೇ ಕೇಂದ್ರದ್ದು ಎಂಬ ಎಚ್ಚರಿಕೆಯ ಮಾತು ವಿಮರ್ಶಕರಿಂದ ಬಂದೇ ಇದೆ. ಯಾರಿಗೆ ಯಾವ ಮದ್ದು ಎಂಬುದು ವೈದ್ಯನ ಕಣ್ಣಿಗೆ ಮರೆಯಾಗಿರಲು ಸಾಧ್ಯವಿರಲಿಲ್ಲ ಎಂಬುದೂ ನಿಜ. ಕಾಲಿನ ಹಳೆಯ ವ್ರಣಗಳ ಮೇಲೆ ನ್ಯೂಜಿಲೆಂಡಿನಲ್ಲೇ 368 ಜನರ ಮೇಲೆ ನಡೆದ ಪ್ರಯೋಗದಲ್ಲಿ (2008) ಮನೂಕಾ ಪಟ್ಟಿಯಿಂದ ಗಮನಾರ್ಹ ಲಾಭ ಕಾಣಲಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ತಕರಾರುಗಳಿಗೆ ಉತ್ತರ ಬರಬೇಕಾದದ್ದು ನಮ್ಮ ಆಸ್ಪತ್ರೆಗಳಿಂದ, ಇನ್ನಷ್ಟು ಪ್ರಯೋಗಗಳ ರೂಪದಲ್ಲಿ. ಅದು ಸಾಕಷ್ಟು ಬರಲಿಲ್ಲ. 2007ರಲ್ಲಿ ಅಮೆರಿಕದ ಎಫ್‌ಡಿಎ ಜೇನಿನ ಪಟ್ಟಿಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಆ ಪಟ್ಟಿಯಲ್ಲಿದ್ದದ್ದು ಮನೂಕಾ ಜೇನು. ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿಯ ಕಾಡುಗಳ ಜೇನಿಗೆ ಆ ಬಗೆಯ ಪರೀಕ್ಷೆಯ ಭಾಗ್ಯ ಸಿಗಲಿಲ್ಲ.

ಆ ಹೊತ್ತಿಗೆ ಇನ್ನೊಂದು ಏಟೂ ಬಿದ್ದಿತ್ತು. 1995ರ ಮಾರ್ಚಿನಲ್ಲಿ ಗಾಯ ಮಾಯಿಸಲು ಅರಿಸಿನ ಬಳಸುವುದಕ್ಕೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ಇಬ್ಬರಿಗೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಆರ್. ಎ. ಮಾಶೇಲ್ಕರ್ ನೇತೃತ್ವದ ಸಿಎಸ್‌ಐಆರ್ 1996ರಲ್ಲಿ ಇದನ್ನು ಪ್ರಶ್ನಿಸಿ, ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳ ಉಲ್ಲೇಖಗಳನ್ನೂ 1953ರ ಭಾರತೀಯ ವೈದ್ಯಕೀಯ ಪತ್ರಿಕೆಯ ಲೇಖನವೊಂದನ್ನೂ ಸಲ್ಲಿಸಿತು. 1997ರ ಆಗಸ್ಟಿನಲ್ಲಿ ಪೇಟೆಂಟ್ ರದ್ದಾಯಿತು. ಗೆದ್ದದ್ದು ದೊಡ್ಡ ವಿಷಯವೇ. ಆದರೆ ಅಜ್ಜಿಗೆ ಗೊತ್ತಿದ್ದದ್ದನ್ನು ಕಾಗದದ ಮೇಲೆ ತೋರಿಸಿದಾಗ ಮಾತ್ರ ಗೆಲ್ಲಲು ಸಾಧ್ಯ ಎಂಬ ಪಾಠ ಪ್ರಯೋಗಾಲಯಗಳಿಗೆ ಮುಟ್ಟಿತು. ಮುಂದಿನ ವರ್ಷಗಳಲ್ಲಿ ಬೇವು, ಅರಿಸಿನ, ತುಳಸಿ, ಲವಂಗಗಳ ಎಣ್ಣೆಯ ಮೇಲೆ ಸಂಶೋಧನೆ ಹೆಚ್ಚಿದ್ದರ ಹಿಂದೆ ಈ ಎಚ್ಚರವೂ ಇದೆ ಎಂದು ನನಗನ್ನಿಸುತ್ತದೆ.

ಜೇನಾಗಲಿ ಎಣ್ಣೆಯಾಗಲಿ, ತೊಂದರೆ ಒಂದೇ: ಗಾಯದ ಮೇಲೆ ನಿಲ್ಲುವುದಿಲ್ಲ. ಮೈಯ ಬಿಸಿಗೆ ಜೇನು ತೆಳ್ಳಗಾಗಿ ಹರಿಯುತ್ತದೆ. ಹೂವಿನಿಂದ ಹೂವಿಗೆ, ಹಂಗಾಮಿನಿಂದ ಹಂಗಾಮಿಗೆ ಅದರ ಗುಣ ಬೇರೆ. ಅದರಲ್ಲಿ ಕ್ಲಾಸ್ಟ್ರಿಡಿಯಂ ಬೀಜಾಣು ಇರಬಹುದಾದ್ದರಿಂದ ಗಾಮಾ ಕಿರಣ ಹಾಯಿಸಬೇಕು. ಸುಗಂಧ ತೈಲಗಳು ಆರಿಹೋಗುತ್ತವೆ, ಹೆಚ್ಚಾದರೆ ಎಳೆಯ ಚರ್ಮವನ್ನೇ ಸುಡುತ್ತವೆ. ಮದ್ದನ್ನು ಹಿಡಿದಿಟ್ಟುಕೊಂಡು ಅಳತೆಯಲ್ಲಿ ಬಿಡುವ ಹಾಳೆಯೊಂದು ಬೇಕಾಗಿತ್ತು. ಆ ಹಾಳೆಯ ಕೆಲಸ ಕರ್ನಾಟಕದಲ್ಲಿ ನಡೆದದ್ದು ಗಾಯಕ್ಕಾಗಿ ಅಲ್ಲ, ಹಣ್ಣಿಗಾಗಿ ಮತ್ತು ಮಾತ್ರೆಗಾಗಿ.

ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯಲ್ಲಿ ಆರ್. ಎನ್. ಥರನಾಥನ್ ಮತ್ತು ಅವರ ಬಳಗ ಪಿಷ್ಟ, ಕೈಟೋಸಾನ್‌ಗಳಿಂದ ಮಣ್ಣಿನಲ್ಲಿ ಕರಗುವ ಹಾಳೆ ಮಾಡುತ್ತಿದ್ದರು. ಕೈಟೋಸಾನ್ ಬರುವುದು ಸೀಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್‌ನಿಂದ. ಕೈಟಿನ್ನನ್ನು 1811ರಲ್ಲಿ ಅಣಬೆಯಲ್ಲಿ ಗುರುತಿಸಿದವರು ಫ್ರಾನ್ಸಿನ ಬ್ರಾಕೊನೊ. 1859ರಲ್ಲಿ ಕ್ಷಾರದಲ್ಲಿ ಕುದಿಸಿ ಅದನ್ನು ಆಮ್ಲದಲ್ಲಿ ಕರಗುವಂತೆ ಮಾಡಿದವರು ಚಾರ್ಲ್ಸ್ ರೂಜೆ. ನಮ್ಮ ಕರಾವಳಿಯಲ್ಲಿ ಸೀಗಡಿ ಸಂಸ್ಕರಿಸುವ ಕಡೆ ಈ ಚಿಪ್ಪು ರಾಶಿ ಬೀಳುತ್ತದೆ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದರಿಂದ ಕೈಟೋಸಾನ್ ತೆಗೆಯುವ ವಿಧಾನ ರೂಪಿಸಿತು. ಮೈಸೂರಿನ ಬಳಗ 2002ರಲ್ಲಿ ಕೈಟೋಸಾನ್ ಹಾಳೆಯಲ್ಲಿ ಮಾವಿನ ಹಣ್ಣನ್ನು ಕಾಪಿಟ್ಟ ಪ್ರಯೋಗ ಪ್ರಕಟಿಸಿತು. ಮರುವರ್ಷ ಥರನಾಥನ್ ಮತ್ತು ಎಫ್. ಎಸ್. ಕಿತ್ತೂರ ಕೈಟಿನ್ ಕುರಿತು ಬರೆದ ದೀರ್ಘ ಪರಾಮರ್ಶೆ ಜಗತ್ತಿನಾದ್ಯಂತ ಓದಿಸಿಕೊಂಡಿತು. ಹಣ್ಣಿನ ಸಿಪ್ಪೆಗೆ ಬೇಕಾದ್ದೂ ಗಾಯಕ್ಕೆ ಬೇಕಾದ್ದೂ ಬಹುಪಾಲು ಒಂದೇ: ಉಸಿರಾಟಕ್ಕೆ ಎಡೆ, ತೇವಕ್ಕೆ ಅಂಕೆ, ರೋಗಾಣುವಿಗೆ ತಡೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ತೇಜರಾಜ ಅಮಿನಭಾವಿ ಔಷಧಿಯನ್ನು ಮೈಯೊಳಗೆ ನಿಧಾನವಾಗಿ ಬಿಡುವ ಪಾಲಿಮರ್‌ಗಳ ಮೇಲೆ ಕೆಲಸ ಮಾಡುತ್ತಿದ್ದರು. 2001ರಲ್ಲಿ ಕುಮರೇಶ ಸೊಪ್ಪಿಮಠ ಮತ್ತಿತರರ ಜೊತೆ ಜೈವಿಕವಾಗಿ ಕರಗುವ ಪಾಲಿಮರ್ ನ್ಯಾನೋ ಕಣಗಳ ಬಗ್ಗೆ, 2004ರಲ್ಲಿ ಸುನೀಲ ಅಗ್ನಿಹೋತ್ರಿ ಮತ್ತಿತರರ ಜೊತೆ ಕೈಟೋಸಾನ್ ಕಣಗಳ ಬಗ್ಗೆ ಅವರು ಪ್ರಕಟಿಸಿದ ಪರಾಮರ್ಶೆಗಳನ್ನು ಸಾವಿರಾರು ಸಂಶೋಧಕರು ಉಲ್ಲೇಖಿಸಿದ್ದಾರೆ. ಬೆಳಗಾವಿಯಿಂದ ಒಂದೂವರೆ ತಾಸಿನ ದಾರಿಯ ಧಾರವಾಡದಲ್ಲಿ ಕುಳಿತು ಬರೆದ ಪುಟಗಳು ಬಾಸ್ಟನ್ನಿನಲ್ಲೂ ಬೀಜಿಂಗ್‌ನಲ್ಲೂ ಕೈಟೋಸಾನ್ ಕೆಲಸ ಕಲಿಯುವವರಿಗೆ ಮೊದಲ ಪಾಠವಾದವು. ಇದರ ಹೆಮ್ಮೆ ನಮಗೆ ಇನ್ನೂ ಪೂರ್ತಿ ಮುಟ್ಟಿಲ್ಲ.

ನ್ಯಾನೋ ಕಣ ಸೇರಿದ್ದು ಆ ವರ್ಷಗಳಲ್ಲೇ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ಬಳಗ 2004ರಲ್ಲಿ ಬೇವಿನ ಎಲೆಯ ಕಷಾಯದಿಂದಲೇ ಬೆಳ್ಳಿ, ಬಂಗಾರದ ನ್ಯಾನೋ ಕಣ ತಯಾರಿಸಿ ತೋರಿಸಿತು. 2007ರಲ್ಲಿ ಸಿ. ಎನ್. ಆರ್. ರಾವ್ ಮಾರ್ಗದರ್ಶನದ ನ್ಯಾನೋ ಮಿಷನ್‌ಗೆ ಕೇಂದ್ರ ಸರ್ಕಾರ ಐದು ವರ್ಷಕ್ಕೆ 1,000 ಕೋಟಿ ರೂಪಾಯಿ ಮಂಜೂರು ಮಾಡಿತು. ವಿಶ್ವವಿದ್ಯಾಲಯಗಳಲ್ಲಿ ಉಪಕರಣ ಬಂತು, ಕಾಲೇಜುಗಳಲ್ಲಿ ಉತ್ಸಾಹ ಬಂತು. ಅಮೆರಿಕದ ಸೈನ್ಯ ಇರಾಕ್, ಅಫ್ಘಾನಿಸ್ತಾನದ ಯುದ್ಧಗಳಲ್ಲಿ ಕೈಟೋಸಾನ್ ಪಟ್ಟಿಯಿಂದ ರಕ್ತ ನಿಲ್ಲಿಸಿದ ಸುದ್ದಿ ಅದಾಗಲೇ ಹಬ್ಬಿತ್ತು. ಲಿಯೋ ಮಾವೆಲಿ 2008ರಲ್ಲಿ ಹುಟ್ಟುಹಾಕಿ, ಆಮೇಲೆ ಬೆಂಗಳೂರಿನಲ್ಲಿ ನೆಲೆ ನಿಂತ ಆ್ಯಕ್ಸಿಯೋ ಬಯೋಸೊಲ್ಯೂಷನ್ಸ್ ಅಂಥದ್ದೇ ಪಟ್ಟಿಯನ್ನು ಭಾರತದಲ್ಲೇ ತಯಾರಿಸಿ ಮಾರುಕಟ್ಟೆಗೆ ತಂದಿತು.

ಈಗ ಬೆಳಗಾವಿಗೆ ಬರೋಣ. ಮೂರನೇ ರೈಲ್ವೆ ಗೇಟು ದಾಟಿ ಖಾನಾಪುರ ರಸ್ತೆ ಹಿಡಿದರೆ ಉದ್ಯಮಬಾಗ. ಫೌಂಡ್ರಿ, ಲೇತ್, ಹೈಡ್ರಾಲಿಕ್ ಬಿಡಿಭಾಗಗಳ ಊರೊಳಗಿನ ಊರು ಅದು. ಎರಕದ ಕೆಲಸದವರಿಗೆ ಕರಗಿದ ಕಬ್ಬಿಣದ ಕಿಡಿ ಹೊಸದಲ್ಲ. ಮುಂಗೈ, ಪಾದದ ಮೇಲೆ ಹಳೆಯ ಸುಟ್ಟ ಕಲೆ ಇಲ್ಲದವರು ಕಡಿಮೆ. ಅದೇ ಉದ್ಯಮಬಾಗದಲ್ಲಿ ಕರ್ನಾಟಕ ಲಾ ಸೊಸೈಟಿ 1979ರಲ್ಲಿ ತೆರೆದ ಗೋಗಟೆ ತಾಂತ್ರಿಕ ಮಹಾವಿದ್ಯಾಲಯವಿದೆ. ಇನ್ನೂ ಮುಂದೆ ಮಚ್ಛೆಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಊರಿನ ಇನ್ನೊಂದು ಬದಿಯ ನೆಹರೂ ನಗರದಲ್ಲಿ ಕೆಎಲ್‌ಇಯ ಆಸ್ಪತ್ರೆ, 1963ರ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ಜೊತೆಗೆ ಐಸಿಎಂಆರ್ 2006ರಲ್ಲಿ ಆರಂಭಿಸಿ ಈಗ ಸಾಂಪ್ರದಾಯಿಕ ವೈದ್ಯದ ರಾಷ್ಟ್ರೀಯ ಸಂಸ್ಥೆಯಾಗಿರುವ ಕೇಂದ್ರ. ಸುಡುವ ಕೆಲಸ, ಪೊರೆ ಮಾಡುವ ವಿದ್ಯೆ, ಪರೀಕ್ಷಿಸುವ ವಾರ್ಡು ಮೂರೂ ಒಂದೇ ಊರಿನಲ್ಲಿರುವ ಜಾಗ ಹೆಚ್ಚಿಲ್ಲ.

ಪೊರೆ ಮಾಡುವ ವಿಧಾನ ಕಾಲೇಜು ಪ್ರಯೋಗಾಲಯದ ಅಳವಿಗೆ ಮೀರಿದ್ದಲ್ಲ. ಶೇ ಒಂದರಷ್ಟು ಅಸಿಟಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಕೈಟೋಸಾನ್ ಪುಡಿಯನ್ನು ಗಂಟೆಗಟ್ಟಲೆ ಕದಡಿದರೆ ಜಿಗುಟಾದ ತಿಳಿ ಅಂಟುರಸ ಸಿಗುತ್ತದೆ. ಹಾಳೆ ಬಿರುಕು ಬಿಡದೆ ಬಾಗಲೆಂದು ಗ್ಲಿಸರಾಲ್ ಸೇರಿಸಬೇಕು. ಎಣ್ಣೆ ನೀರಿನೊಡನೆ ಬೆರೆಯದಾದ್ದರಿಂದ ಎರಡನ್ನೂ ಕೂಡಿಸುವ ಇನ್ನೊಂದು ದ್ರವ್ಯ ಬೇಕು. ಆಮೇಲೆ ಸತು ಆಕ್ಸೈಡ್ ಅಥವಾ ಬೆಳ್ಳಿಯ ನ್ಯಾನೋ ಕಣ. ಅವು ಮುದ್ದೆಗಟ್ಟದಂತೆ ಶಬ್ದಾತೀತ ಕಂಪನ. ತಟ್ಟೆಗೆ ಸುರಿದು ಹದ ಬಿಸಿಯಲ್ಲಿ ಒಣಗಿಸಿ ಸುಲಿದರೆ ಪೊರೆ ಸಿದ್ಧ. ಎಷ್ಟು ಎಳೆದರೆ ಹರಿಯುತ್ತದೆ, ಎಷ್ಟು ನೀರು ಹೀರುತ್ತದೆ, ಎಷ್ಟು ಆವಿ ಬಿಡುತ್ತದೆ, ಸ್ಟ್ಯಾಫಿಲೊಕಾಕಸ್ ಬೆಳೆಸಿದ ತಟ್ಟೆಯ ಮೇಲಿಟ್ಟರೆ ಸುತ್ತ ಎಷ್ಟು ಅಗಲ ಬಯಲಾಗುತ್ತದೆ ಎಂದು ಅಳೆಯುತ್ತಾರೆ. ಎಣ್ಣೆ ಹೆಚ್ಚಿದರೆ ಪೊರೆ ಮಬ್ಬಾಗಿ ಬಲ ಕಳೆದುಕೊಳ್ಳುತ್ತದೆ. ಕಣ ಹೆಚ್ಚಿದರೆ ರೋಗಾಣುವಿನ ಜೊತೆ ಚರ್ಮದ ಕೋಶವೂ ಸಾಯುತ್ತದೆ. ನಡುವಿನ ಹದ ಹುಡುಕುವುದರಲ್ಲೇ ಒಬ್ಬ ಸಂಶೋಧಕಿಯ ವರ್ಷಗಳು ಕಳೆಯುತ್ತವೆ. ಆ ದುಡಿಮೆಗೆ ನನ್ನ ಗೌರವವಿದೆ.

ಆದರೆ ಇಂಥ ಕೆಲಸದ ಬಹುಪಾಲು ತಟ್ಟೆಯಲ್ಲಿ ಮುಗಿಯುತ್ತದೆ. ಹೆಚ್ಚೆಂದರೆ ಇಲಿಯ ಬೆನ್ನಿನವರೆಗೆ ಹೋಗುತ್ತದೆ. ಅಲ್ಲಿಂದ ಮುಂದೆ ಹಾದಿ ಕಡಿದು. 2018ರ ಜನವರಿ 1ರಿಂದ ಜಾರಿಗೆ ಬಂದ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಸಾಧನಗಳಿಗೆ ಅಪಾಯದ ಮಟ್ಟಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಎಂಬ ನಾಲ್ಕು ವರ್ಗಗಳಿವೆ. ಬರಿಯ ಹತ್ತಿಯ ಪಟ್ಟಿ ಒಂದು ಕಡೆಯಾದರೆ, ಗಾಯಕ್ಕೆ ಮದ್ದು ಬಿಡುವ ಪೊರೆ ಇನ್ನೂ ಕಟ್ಟುನಿಟ್ಟಿನ ಇನ್ನೊಂದು ಕಡೆ. ವಿಷಪರೀಕ್ಷೆ, ಅಲರ್ಜಿ ಪರೀಕ್ಷೆ, ಶುಚಿ ಕೊಠಡಿಯಲ್ಲಿ ತಯಾರಿಕೆ, ನೀತಿ ಸಮಿತಿಯ ಒಪ್ಪಿಗೆ, ಕೊನೆಗೆ ರೋಗಿಗಳ ಮೇಲಿನ ಪ್ರಯೋಗ. ಈ ನಿಯಮಗಳು ಬೇಕು. ಸುಟ್ಟವರ ಮೈಮೇಲೆ ಅರೆಬೆಂದ ವಿದ್ಯೆಯನ್ನು ಹೊದಿಸಬಾರದು. ಆದರೆ ಇವುಗಳ ಖರ್ಚು ಹೊರಲು ಒಬ್ಬ ಪ್ರಾಧ್ಯಾಪಕರಿಗೋ ಒಂದು ಕಾಲೇಜಿಗೋ ಆಗದು. ವರದಿ ಪ್ರಕಟವಾದೊಡನೆ ವಿದ್ಯಾರ್ಥಿನಿಗೆ ಪದವಿ ಸಿಗುತ್ತದೆ, ಪೊರೆ ಡ್ರಾಯರಿನಲ್ಲಿ ಉಳಿಯುತ್ತದೆ.

ಸುಬ್ರಹ್ಮಣ್ಯಂ ಹೋದ ದಾರಿ ಇದಕ್ಕೆ ತಿರುಗುಮುರುಗು. ಅವರ ಕೈಯಲ್ಲಿ ಹೊಸ ವಸ್ತುವಿರಲಿಲ್ಲ, ದುಬಾರಿ ಸೂಕ್ಷ್ಮದರ್ಶಕವಿರಲಿಲ್ಲ. ರೋಗಿಗಳಿದ್ದರು, ಕೇಳಬೇಕಾದ ಪ್ರಶ್ನೆ ಇತ್ತು, ಪ್ರತಿ ಗಾಯದ ದಿನ ಎಣಿಸುವ ಶಿಸ್ತಿತ್ತು. ಧಾರವಾಡ, ಮೈಸೂರಿನವರು ವಸ್ತುವಿನ ಗುಟ್ಟು ಬಿಡಿಸಿದರು. ಈ ಎರಡೂ ಸಂಪ್ರದಾಯಗಳ ಅಂತರ ಉದ್ಯಮಬಾಗದಿಂದ ನೆಹರೂ ನಗರದ ಅಂತರಕ್ಕಿಂತ ಹೆಚ್ಚಿರಬೇಕಾಗಿಲ್ಲ. ತಾಂತ್ರಿಕ ಕಾಲೇಜಿನ ಪೊರೆಯನ್ನು ಐಸಿಎಂಆರ್ ಕೇಂದ್ರ ಪರೀಕ್ಷಿಸಿ, ಊರಿನ ಸುಟ್ಟಗಾಯದ ವಾರ್ಡಿನಲ್ಲಿ ರೋಗಿಗಳ ಒಪ್ಪಿಗೆ ಪಡೆದು, ಸೊಲ್ಲಾಪುರದ ಮಾದರಿಯಲ್ಲಿ ಎರಡು ಗುಂಪು ಮಾಡಿ, ಈ ಸಲ ಒಂದೇ ಕೇಂದ್ರದ ಆಕ್ಷೇಪ ಬಾರದಂತೆ ಹುಬ್ಬಳ್ಳಿಯನ್ನೂ ವಿಜಯಪುರವನ್ನೂ ಸೇರಿಸಿಕೊಂಡು ನೋಡಬೇಕು. ಹೋಲಿಕೆಗೆ ಒಂದು ಕಡೆ ಬೆಳ್ಳಿಯ ಮುಲಾಮು, ಇನ್ನೊಂದು ಕಡೆ ಜೇನೂ ಇರಲಿ. ಪೊರೆ ಸೋತರೆ ಸೋತಿತೆಂದೇ, 1999ರ ಆ ವರದಿಯ ಹಾಗೆ, ತಲೆಬರಹದಲ್ಲೇ ಬರೆಯಲಿ.